ಹಾರ್ಪ್ಸಿಕಾರ್ಡ್: ಜ್ಯಾಕ್ ಮೇಲಕ್ಕೆ ಹೋಗುತ್ತೆ, ಕೆಳಗೆ ಬರಲ್ಲ. ಯಾರಾದರೂ ದಾರಿ ತೋರಿಸಿ

ತೇಗದಪೆಟ್ಟಿಗೆ
ಸಾಕಾಗಿ ಹೋಗಿದೆ. ಅಪ್ಪ ನಾನು ಸೇರಿ ಕಟ್ಟಿದ ಹಾರ್ಪ್ಸಿಕಾರ್ಡ್, ಪಿಯಾನೋ ಥರ ಕೀ ಒತ್ತಿದರೆ ತಂತಿ ಮೀಟೋ ಯುರೋಪಿನ ಹಳೇ ವಾದ್ಯ. ಊರಿನ ಹಳೇ ಮನೆ ಕೆಡವಿದಾಗ ಸಿಕ್ಕ ತೊಲೆಗಳ ತೇಗದಲ್ಲೇ ಪೆಟ್ಟಿಗೆ ಮಾಡಿದ್ದು. ಮೊಮ್ಮಗಳ ಕೈಗೆ ಹೋಗಬೇಕು, ಆಮೇಲೆ ಅವಳ ಮಕ್ಕಳಿಗೆ ಅನ್ನೋದು ಅಪ್ಪನ ಆಸೆ. ಬೇಸಿಗೇಲಿ ಚೆನ್ನಾಗಿ ನುಡೀತಿತ್ತು. ಈಗ ಮಂದ್ರದ ಕಡೆ ಕೀ ಒತ್ತಿದರೆ ಒಂದು ಸಲ ನುಡಿದು, ಬೆರಳು ಎತ್ತಿದ ಮೇಲೂ ಜ್ಯಾಕ್ (ಕೀ ಮೇಲೆ ನಿಂತು ತಂತಿ ಮೀಟೋ ಕಡ್ಡಿ) ತಂತಿ ಮೇಲೇ ಕೂತುಬಿಡುತ್ತೆ. ಪೆನ್ಸಿಲ್ಲಿಂದ ತಳ್ಳಿದರೆ ಇಳಿಯುತ್ತೆ. ದಸರಾಕ್ಕೆ ನೆಂಟರೆಲ್ಲ ಬರ್ತಾರೆ, ಅಕ್ಕನ ಮಗಳು ನುಡಿಸ್ತಾಳೆ ಅಂತ ಅಪ್ಪ ಆಗಲೇ ಸಾರಿಬಿಟ್ಟಿದಾರೆ. ಏನು ಮಾಡಲಿ?

ತೇವಮಾಪಕ
ಮಳೆಗಾಲ ಸಾರ್, ಇನ್ನೇನೂ ಅಲ್ಲ. ಬೆಂಗಳೂರಲ್ಲಿ ಮಾರ್ಚ್ ಮಧ್ಯಾಹ್ನ ತೇವಾಂಶ 30ರ ಆಸುಪಾಸಿಗೆ ಬರುತ್ತೆ, ಆಗಸ್ಟ್ ಬೆಳಿಗ್ಗೆ 80 ದಾಟುತ್ತೆ. ಜ್ಯಾಕ್ ಊದಿಕೊಂಡಿದೆ, ಜ್ಯಾಕ್ ಸಾಲನ್ನ ಹಿಡಿದಿಡೋ ರಿಜಿಸ್ಟರ್ ಪಟ್ಟಿಯ ತೂತಲ್ಲಿ ಸಿಕ್ಕಿಕೊಳ್ತಿದೆ. ಜ್ಯಾಕಿನ ಪಕ್ಕೆಗಳನ್ನ ಸಣ್ಣ ಪಾಲಿಶ್ ಪೇಪರಲ್ಲಿ ಒಂದೆರಡು ಸಲ ಎಳೀರಿ, ಮುಗೀತು.

ಕಾಗೆಗರಿ
ತಡೀರಿ ಸ್ವಾಮಿ, ಉಜ್ಜೋದಕ್ಕೆ ಮುಂಚೆ ಕೇಳೋಣ. ಜ್ಯಾಕ್ ಮರದ್ದಾ, ಪ್ಲಾಸ್ಟಿಕ್ಕಾ? ತಂತಿ ಮೀಟೋ ಪ್ಲೆಕ್ಟ್ರಮ್ ಡೆಲ್ರಿನ್ ಪ್ಲಾಸ್ಟಿಕ್ಕಾ, ಹಕ್ಕಿ ಗರಿಯಾ? ತಂತಿ ಒಂದು ಸಾಲಾ, ಎರಡಾ? ಯಾವ ಮಾದರಿ ನೋಡಿ ಕಟ್ಟಿದ್ದು?

ತೇಗದಪೆಟ್ಟಿಗೆ
ಮಾಮೂಲಿ ಫ್ಲೆಮಿಶ್ (ಫ್ಲಾಂಡರ್ಸ್, ಈಗಿನ ಬೆಲ್ಜಿಯಂ ಕಡೆಯ) ಮಾದರಿ, ಒಂದೇ ಕೀಬೋರ್ಡ್. ಎರಡು ಎಂಟಡಿ ಸಾಲು (ಮಾಮೂಲಿ ಸ್ಥಾಯಿಯ ತಂತಿಗಳು), ರಿಜಿಸ್ಟರ್ ಸರಿಸಿ ಸಾಲನ್ನ ಆನ್ ಆಫ್ ಮಾಡೋ ಕೈ ಲಿವರ್ ಇದೆ. ಜ್ಯಾಕ್ ಪ್ಲಾಸ್ಟಿಕ್, ಪ್ಲೆಕ್ಟ್ರಮ್ ಡೆಲ್ರಿನ್. ತೊಂದರೆ ಮುಂದಿನ ಸಾಲಲ್ಲಿ ಮಾತ್ರ. ಅದು ಹೇಳಲೇ ಇಲ್ಲವಾ?

ತೇವಮಾಪಕ
ಪ್ಲಾಸ್ಟಿಕ್ ಜ್ಯಾಕ್ ಆದರೇನು, ರಿಜಿಸ್ಟರ್ ಮರದ್ದೇ ತಾನೆ? ತೂತೇ ಕಿರಿದಾಗಿದೆ. ಚಪ್ಪಟೆ ಅರ ತಗೊಂಡು ತೂತನ್ನ ಸ್ವಲ್ಪ ಬಿಡಿಸಿ. ಆಮೇಲೆ ಪೆನ್ಸಿಲ್ ಸೀಸ ಸವರಿ.

ಗಾಂಧಿಬಜಾರ್_ಗಿರಾಕಿ
ಒಂದು ಹನಿ ಕೊಬ್ಬರಿ ಎಣ್ಣೆ?

ಕಾಗೆಗರಿ
ಅಯ್ಯೋ, ಬೇಡಪ್ಪಾ! ಎಣ್ಣೆ ಹಾಕಿದರೆ ಮರ ಕುಡಿಯುತ್ತೆ, ಧೂಳು ಹಿಡಿಯುತ್ತೆ, ತಂತಿಯ ಧ್ವನಿ ನಿಲ್ಲಿಸೋ ಡ್ಯಾಂಪರ್ ಫೆಲ್ಟಿಗೂ ಏರುತ್ತೆ. ಜ್ಯಾಕ್ ಹತ್ತಿರ ಯಾವ ಎಣ್ಣೆಯೂ ಹೋಗಬಾರದು.
ತೇಗದಪೆಟ್ಟಿಗೆಯವರೇ, ಅರ ಮುಟ್ಟೋ ಮುಂಚೆ ಒಂದು ಪರೀಕ್ಷೆ. ಮುಂದಿನ ಸಾಲಿನ ಲಿವರ್ ಆಫ್ ಮಾಡಿ, ಪ್ಲೆಕ್ಟ್ರಮ್ ತಂತಿಗೆ ತಾಗದ ಹಾಗೆ. ಆಗ ಕೀ ಒತ್ತಿ ಬಿಡಿ. ಜ್ಯಾಕ್ ತನ್ನ ಭಾರಕ್ಕೇ ಟಪ್ಪಂತ ಬಿದ್ದರೆ ತೂತಿನ ತಪ್ಪಲ್ಲ. ಆಗಲೂ ನಿಂತರೆ ತೇವಮಾಪಕರು ಹೇಳಿದ್ದು ಸರಿ.

ವೀಣೆಮನೆ
ಸೌಂಡ್‌ಬೋರ್ಡ್ (ತಂತಿಯ ಧ್ವನಿ ಹೊಮ್ಮಿಸೋ ಹಲಗೆ) ಯಾವ ಮರ? ತೇಗದ್ದಾದರೆ ಅಲ್ಲೇ ತಪ್ಪಾಗಿದೆ. ನಮ್ಮ ವೀಣೆಯ ಕೊಡಕ್ಕೆ ಹಲಸು ಬಿಟ್ಟರೆ ಬೇರೆ ಯೋಚನೆಯೇ ಇಲ್ಲ. ಹಲಸಲ್ಲಿ ಮಾಡಬೇಕಿತ್ತು.

ತೇಗದಪೆಟ್ಟಿಗೆ
ಸೌಂಡ್‌ಬೋರ್ಡ್ ಸ್ಪ್ರೂಸ್, ಹೊರಗಿಂದ ತರಿಸಿದ್ದು, 3 ಮಿಲಿಮೀಟರ್ ಆಸುಪಾಸು. ಅದರಲ್ಲೇನೂ ತೊಂದರೆ ಇಲ್ಲ. ದಯವಿಟ್ಟು ಜ್ಯಾಕ್ ಬಗ್ಗೆ ಹೇಳಿ.

ಬೀಟೆಮರ
ವೀಣೆಯ ಕೊಡ ದಪ್ಪ ಮರ ಕೊರೆದದ್ದು, ಇದು ತೆಳು ಹಲಗೆ. ಹಗುರವಾಗಿದ್ದೂ ಬಿಗಿಯಾಗಿರಬೇಕು, ಅದಕ್ಕೇ ಫ್ಲಾಂಡರ್ಸಿನವರು ಸ್ಪ್ರೂಸ್, ಇಟಲಿಯವರು ಸೈಪ್ರೆಸ್ ಹಿಡಿದಿದ್ದು. ಹಲಸಿನ ಹಲಗೆ ಹಾಕಿದರೆ ಭಾರಕ್ಕೆ ಧ್ವನಿ ಅಲ್ಲೇ ಉಳಿಯುತ್ತೆ.

ವೀಣೆಮನೆ
ನೀವು ಹಾಕಿ ನೋಡಿದ್ದೀರಾ?

ಬೀಟೆಮರ
ನೋಡಿದೀನಿ. ನನ್ನ ಹತ್ರ ಇರೋದು ಫ್ರೆಂಚ್ ಮಾದರಿ, ಎರಡು ಕೀಬೋರ್ಡ್, ಎಡಿನ್‌ಬರೋದಲ್ಲಿರೋ ತಾಸ್ಕಿನ್ ಅನ್ನೋರು 1769ರಲ್ಲಿ ಕಟ್ಟಿದ ವಾದ್ಯದ ನಕ್ಷೆ ನೋಡಿ ಕಟ್ಟಿದ್ದು. ಕಾಲುಗಳನ್ನ ಚನ್ನಪಟ್ಟಣದಲ್ಲಿ ಕಡೆಯಿಸಿದೆ, ಗೊಂಬೆ ಕಡೆಯೋ ಕೈ, ಒಂದು ಗೆರೆ ಆಚೀಚೆ ಇಲ್ಲ. ಕೋಣೆಯಲ್ಲಿ ಹಗಲೂ ರಾತ್ರಿ ಡಿಹ್ಯುಮಿಡಿಫೈಯರ್ ಓಡುತ್ತೆ. ಹಲಸಿನ ಸೌಂಡ್‌ಬೋರ್ಡ್ ಹಾಕಿ ಒಂದು ಸ್ಪಿನೆಟ್ (ಚಿಕ್ಕ ಹಾರ್ಪ್ಸಿಕಾರ್ಡ್) ಮಾಡಿದ್ದೆ, ಈಗ ಅದರ ಮೇಲೆ ಟಿವಿ ಇಟ್ಟಿದೀವಿ.

ತೇಗದಪೆಟ್ಟಿಗೆ
ಪರೀಕ್ಷೆ ಮಾಡಿದೆ. ಲಿವರ್ ಆಫ್ ಇದ್ದಾಗ ಎಲ್ಲಾ ಜ್ಯಾಕೂ ಸಲೀಸಾಗಿ ಬೀಳುತ್ತೆ. ಆದರೆ ಅಷ್ಟರಲ್ಲಿ ನಮ್ಮ ಮಾವ ಬಂದಿದ್ರು. ಮೈಸೂರು ರಸ್ತೆ ಟಿಂಬರ್ ಯಾರ್ಡಲ್ಲಿ ಮರದ ಕೆಲಸ ಮಾಡಿ ಪಳಗಿದ ಕೈ. ಇಲ್ಲಿ ಬರೆದಿದ್ದನ್ನ ಓದಿ ಮಂದ್ರದ ಕೆಲವು ತೂತು ಅರದಲ್ಲಿ ಬಿಡಿಸಿಬಿಟ್ರು. ಈಗ ಆ ಜ್ಯಾಕ್‌ಗಳು ತೂತಲ್ಲಿ ಅಲ್ಲಾಡ್ತಾವೆ. ಕೂರೋದಂತೂ ಕೂರ್ತಾನೇ ಇವೆ.

ಕಾಗೆಗರಿ
ತೂತಿನ ಕಥೆ ಇಲ್ಲಿಗೆ ಮುಗೀತು. ಬಿಡಿಸಿದ ತೂತಿನ ಒಳಗೋಡೆಗೆ ತೆಳು ಕಾಗದ ಅಂಟಿಸಿ, ಬಿಗಿ ವಾಪಸ್ ಬರುತ್ತೆ. ಮಾವನವರಿಗೆ ಕಾಫಿ ಕೊಟ್ಟು ಅರ ತೆಗೆದಿಡಿ.

ತೇವಮಾಪಕ
ಪರೀಕ್ಷೆ ಮಾಡಿದ್ದು ಹಗಲೋ ರಾತ್ರಿಯೋ? ಮಧ್ಯಾಹ್ನ ಮಾಡಿದ್ದರೆ ತೇವ ಇಳಿದಿರುತ್ತೆ. ಬೆಳಿಗ್ಗೆ ಆರಕ್ಕೆ ಮಾಡಿ. ನಾನು ಪ್ರತಿ ಗಂಟೆಯ ತೇವಾಂಶ ಬರೆದಿಡ್ತೀನಿ, ಬೇಕಾದರೆ ಪಟ್ಟಿ ಹಾಕ್ತೀನಿ.

ಕಾಗೆಗರಿ
ಪಟ್ಟಿ ಬೇಡ ಸಾರ್.
ಜ್ಯಾಕ್ ಇಳಿಯುವಾಗ ಪ್ಲೆಕ್ಟ್ರಮ್ ತಂತಿಗೆ ಮೇಲಿಂದ ತಾಗುತ್ತೆ. ಆಗ ಪ್ಲೆಕ್ಟ್ರಮ್ ಸಿಕ್ಕಿಸಿರೋ ಜ್ಯಾಕಿನ ನಾಲಿಗೆ ಹಿಂದಕ್ಕೆ ವಾಲಿ ಜಾಗ ಬಿಡಬೇಕು, ತಂತಿ ದಾಟಿದ ಮೇಲೆ ಸ್ಪ್ರಿಂಗ್ ಅದನ್ನ ಮುಂದಕ್ಕೆ ತಳ್ಳಬೇಕು. ಇಲ್ಲಿ ಕೈ ಕೊಡಬಹುದಾದ್ದು: ಸ್ಪ್ರಿಂಗ್ ಬಿಗಿ ಜಾಸ್ತಿ, ಪ್ಲೆಕ್ಟ್ರಮ್ ತುದಿಯ ಕೆಳಗಡೆ ಇಳಿಜಾರು ಸಾಲದು, ಇಲ್ಲಾ ಪ್ಲೆಕ್ಟ್ರಮ್ ತಂತಿಯಡಿ ತೀರಾ ಒಳಗೆ ಹೋಗಿದೆ. ಬೇಸಿಗೇಲಿ ಸರಿ ಇತ್ತು ಅಂದ್ರಲ್ಲ, ಆಮೇಲೆ ಬೇರೆ ಏನಾದರೂ ಬದಲಾಗಿದೆಯಾ? ಧ್ವನಿಯಲ್ಲಿ?

ತೇಗದಪೆಟ್ಟಿಗೆ
ಧ್ವನಿ ಜೋರಾಗಿದೆ, ಅದು ಒಳ್ಳೇದೇ ಅಲ್ವಾ? ಅಪ್ಪ ಅಂತೂ ವಾದ್ಯ ಪಳಗ್ತಿದೆ ಅಂತ ಖುಷಿಯಾಗಿದಾರೆ. ಶ್ರುತಿ ಮಾತ್ರ ಏರಿತ್ತು, ಇಳಿಸಿದೆ. ಇನ್ನು ಹಿಂದಿನ ಸಾಲು ಮಂಕಾಗಿದೆ, ಕೆಲವು ಸ್ವರ ಬರೋದೇ ಇಲ್ಲ. ಅದು ಬೇರೆ ವಿಷಯ, ಆಮೇಲೆ ಕೇಳೋಣ ಅಂತ ಬಿಟ್ಟಿದ್ದೆ.

ಅರ್ಧಸ್ವರ
ಶ್ರುತಿ ಎಷ್ಟಕ್ಕೆ ಇಟ್ಟಿದ್ದೀರಿ? ಎ ಸ್ವರ 415 ಹರ್ಟ್ಸಿಗಾ, ಈಗಿನ ಮಾಮೂಲಿ 440ಕ್ಕಾ? 440 ಅಂದರೆ ನಾನು ಇಲ್ಲಿಂದ ಹೊರಟೆ.

ತೇಗದಪೆಟ್ಟಿಗೆ
415. ಅಕ್ಕನ ಮಗಳು ಪಿಟೀಲಿನ ಜೊತೆ ನುಡಿಸಬೇಕು ಅಂತ 440 ಕೇಳ್ತಿದಾಳೆ.

ಅರ್ಧಸ್ವರ
ಖಂಡಿತ ಬೇಡ. ಫ್ಲೆಮಿಶ್ ಅಳತೆಯಲ್ಲಿ ನಡು ಸಿಯ ಮೇಲಿನ ಸಿ ತಂತಿ ಸುಮಾರು 35 ಸೆಂಟಿಮೀಟರ್. ಕಬ್ಬಿಣದ ತಂತಿ ಹಾಕಿದ್ದರೆ ಅರ್ಧ ಸ್ವರ ಏರಿಸೋಕೆ ಹೋಗಿ ತಂತಿಗಳು ಒಂದೊಂದೇ ಪಟ್ ಪಟ್ ಅಂತ ಹೋಗ್ತಾವೆ. ಪಿಟೀಲನ್ನ ಇಳಿಸೋಕೆ ಹೇಳಿ.

ವೀಣೆಮನೆ
ಅಷ್ಟೆಲ್ಲ ಕಷ್ಟಪಟ್ಟು ಯುರೋಪಿನ ಶ್ರುತಿ ಯಾಕೆ? ಮೋಹನಕ್ಕೋ ಹಂಸಧ್ವನಿಗೋ ಹೊಂದಿಸಿ, ನಮ್ಮ ಮನೆ ವಾದ್ಯ ಆಗುತ್ತೆ.

ಅರ್ಧಸ್ವರ
ಹೊಂದಿಸಬಹುದು, ಆದರೆ ಗಮಕ ಎಲ್ಲಿಂದ ತರ್ತೀರಿ? ಮೀಟಿದ ಮೇಲೆ ಬೆರಳಿಗೂ ತಂತಿಗೂ ಸಂಬಂಧವೇ ಇಲ್ಲ. ಗಮಕದ ಆಸೆ ಇದ್ದರೆ ಕ್ಲಾವಿಕಾರ್ಡ್ ಕಟ್ಟಿ. ಅದರಲ್ಲಿ ಹಿತ್ತಾಳೆ ಪಟ್ಟಿ ತಂತಿಗೆ ಒತ್ತಿಕೊಂಡೇ ಇರುತ್ತೆ, ಬೆರಳಲ್ಲಿ ಸ್ವರ ಅಲುಗಿಸಬಹುದು.

ಕಾಗೆಗರಿ
ಎಲ್ಲರೂ ಒಂದು ನಿಮಿಷ ಸುಮ್ಮನಿರ್ತೀರಾ? ಉತ್ತರ ಸಿಕ್ಕಿತು. "ಬೇರೆ ವಿಷಯ" ಅಂದರಲ್ಲ, ಅದೇ ವಿಷಯ.
ಎರಡು ಸಾಲಿನ ಜ್ಯಾಕ್‌ಗಳು ಎದುರುಬದುರು ಮುಖ ಮಾಡಿರ್ತಾವೆ, ಒಂದು ಎಡದ ತಂತಿ ಮೀಟಿದರೆ ಇನ್ನೊಂದು ಬಲದ್ದನ್ನ. ತಂತಿಗಳು ರಿಜಿಸ್ಟರಿಗೆ ಹೋಲಿಸಿದರೆ ಒಂದು ಪಕ್ಕಕ್ಕೆ ಒಂದಿಷ್ಟೇ ಸರಿದರೂ ಒಂದು ಸಾಲಿನ ಪ್ಲೆಕ್ಟ್ರಮ್ ಹೆಚ್ಚು ಒಳಗೆ ಹೋಗುತ್ತೆ, ಇನ್ನೊಂದು ಸಾಲಿಗೆ ತುದಿ ಮಾತ್ರ ಸಿಗುತ್ತೆ. ಮುಂದಿನ ಸಾಲು ಜೋರು, ವಾಪಸ್ ಇಳಿಯಲ್ಲ. ಹಿಂದಿನದು ಮಂಕು. ಮಂದ್ರದಲ್ಲೇ ಮೊದಲು ಕಾಣೋದು ಯಾಕೆ ಅಂದರೆ ಅಲ್ಲಿನ ಪ್ಲೆಕ್ಟ್ರಮ್ ದಪ್ಪ, ಬಿಗಿ. ಮುಂದಿನ ಲಿವರನ್ನ ಪೂರ್ತಿ ಆನ್ ಮಾಡದೆ ಕೂದಲೆಳೆಯಷ್ಟು ಹಿಂದೆ ಹಿಡಿದು ನುಡಿಸಿ ನೋಡಿ. ಪ್ಲೆಕ್ಟ್ರಮ್ ಮಾತ್ರ ಈಗ ಕತ್ತರಿಸಬೇಡಿ, ಫೆಬ್ರವರಿ ಒಣ ಗಾಳಿಗೆ ತಂತಿ ಹಿಂದಕ್ಕೆ ಬಂದರೆ ಏನೂ ಸಿಗದ ಹಾಗಾಗುತ್ತೆ.

ತೇಗದಪೆಟ್ಟಿಗೆ
ಹಿಡಿದು ನುಡಿಸಿದೆ. ಒಂದು ಜ್ಯಾಕೂ ಕೂರಲಿಲ್ಲ! ಆದರೆ ಲಿವರ್ ಹಿಡ್ಕೊಂಡೇ ನುಡಿಸೋಕಾಗುತ್ತಾ? ನಮ್ಮದರಲ್ಲಿ ಸರಿಹೊಂದಿಸೋ ಸ್ಕ್ರೂ ಇಲ್ಲ, ರಿಜಿಸ್ಟರ್ ತುದಿ ಪೆಟ್ಟಿಗೆಗೆ ತಾಗೋ ಕಡೆ ಚರ್ಮದ ತುಂಡು ಅಂಟಿಸಿದೀವಿ ಅಷ್ಟೇ.

ಬೀಟೆಮರ
ನನ್ನದರಲ್ಲಿ ಹಿತ್ತಾಳೆ ಸ್ಕ್ರೂ ಇದೆ, ಎರಡೂ ಕಡೆ.

ಕಾಗೆಗರಿ
ಮುಂದಿನ ಸಾಲು ಬಂದು ನಿಲ್ಲೋ ಕಡೆ ಚರ್ಮದ ಮೇಲೆ ಮದುವೆ ಕಾರ್ಡಿನ ಒಂದು ಚೂರು ಸೇರಿಸಿ. ಹಿಂದಿನ ಸಾಲಿನ ಕಡೆ ಚರ್ಮ ತೆಗೆದು ತೆಳುವಾದದ್ದು ಹಾಕಿ. ಅಂಟು ಗಟ್ಟಿ ಬೇಡ, ಬೇಸಿಗೆಗೆ ಬಿಚ್ಚಬೇಕಾಗುತ್ತೆ. ಆಮೇಲೆ ಡ್ಯಾಂಪರ್‌ಗಳು ತಂತಿ ಮೇಲೆ ಸರಿಯಾಗಿ ಕೂರ್ತಾವಾ ನೋಡ್ಕೊಳ್ಳಿ, ಅವೂ ಜ್ಯಾಕಿನ ಜೊತೆ ಸರಿದಿರ್ತಾವೆ. ಪುರುಸೊತ್ತಾದಾಗ ಸ್ಕ್ರೂ ಹಾಕಿಸಿ.

ತೇವಮಾಪಕ
ಅಂದರೆ ಮಳೆಗಾಲವೇ ಕಾರಣ. ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದೆ. ಶ್ರುತಿ ಏರಿದ್ದೂ ಸೌಂಡ್‌ಬೋರ್ಡ್ ಊದಿದ್ದಕ್ಕೇ.

ಬೀಟೆಮರ
ಶ್ರುತಿ ಸರಿ. ಆದರೆ ತಂತಿ ಪಕ್ಕಕ್ಕೆ ಸರಿದಿದ್ದು ತೇವಕ್ಕೇ ಅಂತ ಹೇಗೆ ಹೇಳ್ತೀರಿ? ಇವರು ವಾದ್ಯವನ್ನ ಎಲ್ಲಿಂದ ಎಲ್ಲಿಗೆ ಹೊತ್ತರು ಅಂತ ಯಾರೂ ಕೇಳಲಿಲ್ಲ.

ತೇಗದಪೆಟ್ಟಿಗೆ
ಜೂನಲ್ಲಿ ಜಯನಗರದ ಮನೆಯ ಮೊದಲ ಮಹಡಿಗೆ ತಂದ್ವಿ. ಮೆಟ್ಟಿಲು ಕಿರಿದು, ಪಕ್ಕಕ್ಕೆ ನಿಲ್ಲಿಸಿ ಹತ್ತಿಸಿದ್ದು. ಅದೂ ಬೇಕಿತ್ತಾ?

ಬೀಟೆಮರ
ನೋಡಿ! ಪೆಟ್ಟಿಗೆ ತಿರುಚಿದೆ.

ತೇವಮಾಪಕ
ತೇಗ ಅಷ್ಟಕ್ಕೆಲ್ಲ ತಿರುಚಲ್ಲ. ಅನುಮಾನ ಇದ್ದರೆ ಮಲ್ಲೇಶ್ವರಂ 18ನೇ ಕ್ರಾಸಿನ ಮರ ವಿಜ್ಞಾನ ಸಂಸ್ಥೆಯವರನ್ನ ಕೇಳಿ.

ತೇಗದಪೆಟ್ಟಿಗೆ
ಕಾರ್ಡ್ ಚೂರು ಅಂಟಿಸಿದೆ. ಮುಂದಿನ ಸಾಲು ಸರಿಹೋಯ್ತು, ಧ್ವನಿ ಸ್ವಲ್ಪ ಇಳೀತು, ಅಪ್ಪನಿಗೆ ಅದೇ ಬೇಜಾರು. ಹಿಂದಿನ ಸಾಲಲ್ಲಿ ಮೇಲಿನ ಕೆಲವು ಸ್ವರ ಇನ್ನೂ ಮಂಕಾಗಿವೆ. ಕಾಗೆಗರಿಯವರೇ, ಅವಕ್ಕೆ ಪ್ಲೆಕ್ಟ್ರಮ್ ಹೊಸದೇ ಹಾಕಬೇಕಾ?

ಕಾಗೆಗರಿ
ಮೊದಲು ಅದೇ ಪ್ಲೆಕ್ಟ್ರಮ್ಮನ್ನ ಹಿಂದಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿ ನೋಡಿ. ಹೊಸದು ಹಾಕೋದೇ ಆದರೆ ಡೆಲ್ರಿನ್ ಬಿಟ್ಟು ಒಂದಾದರೂ ಗರಿ ಹಾಕಿ ನೋಡಿ. ನಮ್ಮ ಮಹಡಿ ಮೇಲೆ ಬಿದ್ದ ಗರಿಗಳನ್ನೇ ಕತ್ತರಿಸಿ ಒಂದಿಡೀ ಸಾಲು ಮಾಡಿದೀನಿ. ಅದರ ಮೃದುತನವೇ ಬೇರೆ.

ಅರ್ಧಸ್ವರ
ಮತ್ತೆ ಗರಿ ಶುರುವಾಯ್ತು. ಬೇಗ ಸವೆಯುತ್ತೆ, ವರ್ಷವಿಡೀ ಬದಲಾಯಿಸ್ತಾ ಕೂರಬೇಕು.

ಕಾಗೆಗರಿ
ಸವೆಯೋದು ಒಪ್ಪಿದೆ. ಎಣ್ಣೆ ಸವರಿ ಇಟ್ಟರೆ ಬಾಳಿಕೆ ಬರುತ್ತೆ.

ಗಾಂಧಿಬಜಾರ್_ಗಿರಾಕಿ
ನಾನು ಎಣ್ಣೆ ಅಂದಾಗ ಬೈದ್ರಿ!

ಕಾಗೆಗರಿ
ಅದು ಗರಿಗೆ ಸ್ವಾಮಿ, ಆಲಿವ್ ಎಣ್ಣೆ, ಬೆರಳ ತುದಿಯಲ್ಲಿ ಸವರಿ ಒರೆಸಿಬಿಡಬೇಕು. ರಿಜಿಸ್ಟರಿಗಲ್ಲ.

ವೀಣೆಮನೆ
ಕ್ಲಾವಿಕಾರ್ಡ್ ನಕ್ಷೆ ಯಾರ ಹತ್ರ ಇದೆ? ಹಲಸಲ್ಲಿ ಮಾಡೋಣ ಅಂತಿದೀನಿ.

ಬೀಟೆಮರ
ಬೇರೆ ಚರ್ಚೆ ತೆರೀರಿ. ಅಲ್ಲಿ ಜಗಳ ಆಡೋಣ.