ಸಹಾಯ ಬೇಕು: ಪೋಕರ್ ಬಂಡವಾಳದ ಲೆಕ್ಕ ನೋಡಿಕೊಡ್ತೀರಾ?

ಎಲ್ಲರಿಗೂ ನಮಸ್ಕಾರ. ಸ್ಟ್ಯಾಟಿಸ್ಟಿಕ್ಸ್ ಬಲ್ಲವರು ಯಾರಾದ್ರೂ ಇದ್ದೀರಾ? ನಾನಿರೋದು ನ್ಯೂಜೆರ್ಸಿಯಲ್ಲಿ, ಇಲ್ಲಿ 2013ರಿಂದ ಆನ್‌ಲೈನ್ ಪೋಕರ್ ಕಾನೂನುಬದ್ಧ. (ಭಾರತದಲ್ಲಿ 2025ರ ಕಾಯ್ದೆ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಊರಿನವರು ‘ಯಾವ ಆ್ಯಪ್ ಗುರೂ’ ಅಂತ ಇನ್‌ಬಾಕ್ಸಿಗೆ ಬರಬೇಡಿ.)

ಆಡೋದು 10-25 ಸೆಂಟಿನ ಟೇಬಲ್ (ಪ್ರತಿ ಆಟದ ಶುರುವಿಗೆ ಇಬ್ಬರು ಕಡ್ಡಾಯವಾಗಿ ಕಟ್ಟೋ ಪಣ; ಅದರಲ್ಲಿ ದೊಡ್ಡದು, 25 ಸೆಂಟು, ‘ಬಿಗ್ ಬ್ಲೈಂಡ್’), ಆರು ಜನರ ನೋ ಲಿಮಿಟ್ ಹೋಲ್ಡೆಮ್ (ಪಣಕ್ಕೆ ಮಿತಿ ಇಲ್ಲದ ಪೋಕರ್ ಬಗೆ). ಬೈ-ಇನ್, ಅಂದ್ರೆ ಟೇಬಲ್‌ಗೆ ಕೂರುವಾಗ ತರೋ ದುಡ್ಡು, 25 ಡಾಲರ್. 30 ಬೈ-ಇನ್, ಅಂದ್ರೆ 750 ಡಾಲರ್ ಬೇರೆ ಇಟ್ಕೊಂಡ್ರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ಅದು 3000 ಬಿಗ್ ಬ್ಲೈಂಡ್. ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಆಚೀಚೆ ಆಗೋ ಏರಿಳಿತದ ಅಳತೆ) 100 ಹ್ಯಾಂಡಿಗೆ, ಅಂದ್ರೆ ಎಲೆ ಹಂಚಿ ಆಡಿದ 100 ಸುತ್ತಿಗೆ, 90 ಬಿಗ್ ಬ್ಲೈಂಡ್ ಅಂತ ಹಿಡಿದೆ. 100 ಹ್ಯಾಂಡಿಗೆ ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲೋನು ಪೂರ್ತಿ ಬರಿಗೈ ಆಗೋ ಸಾಧ್ಯತೆ ಸುಮಾರು 2.5% ಬಂತು. ಗೆಲುವು 2ಕ್ಕೆ ಇಳಿಸಿ ನೋಡಿದ್ರೆ ಅದೇ ದುಡ್ಡಿಗೆ 23%!

ತಲೆಬಿಸಿ ಇರೋದು ಇಲ್ಲೇ. ನನ್ನ ಗೆಲುವು 5ಓ 2ಓ ತಿಳಿಯೋದು ಹೇಗೆ? 10,000 ಹ್ಯಾಂಡಿನಲ್ಲಿ 5ರ ಲೆಕ್ಕದಂತೆ ಬರಬೇಕಾದ್ದು 500 ಬಿಗ್ ಬ್ಲೈಂಡ್, ಅದೃಷ್ಟದ ಏರಿಳಿತವೇ 900. ಅಷ್ಟು ಚೆನ್ನಾಗಿ ಆಡೋನೂ ಹತ್ತರಲ್ಲಿ ಮೂರು ಸಲ ನಷ್ಟದಲ್ಲೇ ಏಳ್ತಾನೆ.

ಎಷ್ಟು ಹ್ಯಾಂಡ್ ಆದ್ಮೇಲೆ ಸರಾಸರಿಯನ್ನು ನಂಬಬಹುದು? 20 ಬೈ-ಇನ್‌ಗೆ ಇಳಿದ್ರೆ ಕೆಳಗಿನ ಟೇಬಲ್‌ಗೆ ಹೋಗ್ತೀನಿ ಅನ್ನೋ ನಿಯಮ ಸೇರಿಸಿದ್ರೆ ಸೂತ್ರ ಬದಲಾಗುತ್ತೆ, ಅದನ್ನು ಸಿಮ್ಯುಲೇಶನ್ನಲ್ಲಿ ಹೇಗೆ ಹಾಕೋದು? ಟೂರ್ನಮೆಂಟ್ ದುಡ್ಡು ಬೇರೆ, ಅದನ್ನಿಲ್ಲಿ ಸೇರಿಸಿಲ್ಲ.

‘ಜೂಜು ಬಿಡಪ್ಪಾ’ ಅನ್ನೋರಿಗೆ: ಮನೆಯಾಕೆ ದಿನಾ ಹೇಳ್ತಾಳೆ, ಆ ಕೋಟಾ ಭರ್ತಿ. ಎಕ್ಸೆಲ್ ಶೀಟ್ ಬೇಕಾದ್ರೆ ಕಳಿಸ್ತೀನಿ.