ಕಾಲೇಜು ರಂಗತಂಡಕ್ಕೆ ಈ ವರ್ಷ ನಾಲ್ಕು ನಾಟಕ: ಯಾವುದು, ಯಾವಾಗ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಓದುತ್ತಿರುವ ನಾವು 22 ಜನ ಸೇರಿ ಒಂದು ರಂಗತಂಡ ಮಾಡಿಕೊಂಡಿದ್ದೇವೆ. ಇಷ್ಟು ವರ್ಷ ಯುವಜನೋತ್ಸವಕ್ಕೆ ಅಂತ ಅರ್ಧ ಗಂಟೆಯ ಒಂದು ನಾಟಕ ಮಾಡಿದರೆ ಮುಗಿಯುತ್ತಿತ್ತು. ಈ ಸಲ ನವೆಂಬರ್‌ನಿಂದ ಮಾರ್ಚ್ ಒಳಗೆ ನಾಲ್ಕು ನಾಟಕ ಮಾಡಿ ಅಂತ ಕಾಲೇಜಿನವರೇ ಹೇಳಿದ್ದಾರೆ. ಖುಷಿಯಲ್ಲಿ ಹೂಂ ಅಂದುಬಿಟ್ಟೆವು, ಈಗ ಭಯ ಆಗ್ತಿದೆ.

ಸದ್ಯಕ್ಕೆ ಪಟ್ಟಿಯಲ್ಲಿರುವುದು ಕಾರ್ನಾಡರ 'ತುಘಲಕ್', ಕುವೆಂಪು ಅವರ 'ಜಲಗಾರ', ಕೈಲಾಸಂ ಅವರ 'ಟೊಳ್ಳುಗಟ್ಟಿ'. ನಾಲ್ಕನೆಯದು ನಾವೇ ಬರೆಯೋಣ ಅಂತಿದ್ದೇವೆ. ತೊಂದರೆ ಏನಂದರೆ ತಂಡದಲ್ಲಿ 14 ಹುಡುಗಿಯರು, 8 ಹುಡುಗರು. ಆ ಎಂಟರಲ್ಲಿ ಐದು ಜನ ಸಕಲೇಶಪುರ, ಆಲೂರು ಕಡೆಯವರು. ಸಂಜೆ ಆರಾದರೆ ಎಲ್ಲರೂ ಬಸ್ಸು ಬಸ್ಸು ಅಂತ ಎದ್ದು ನಿಲ್ಲುತ್ತಾರೆ. ದುಡ್ಡಂತೂ ಕೇಳಲೇಬೇಡಿ. ಯಾವುದನ್ನು ಮೊದಲು ಮಾಡೋದು? ಹುಡುಗಿಯರಿಗೆ ಒಳ್ಳೆಯ ಪಾತ್ರ ಎಲ್ಲಿ ಹುಡುಕೋದು?

ಲೈಟು ಹಿಡಿದವನು:
ಮೊದಲು 'ತುಘಲಕ್' ಪಕ್ಕಕ್ಕಿಡಮ್ಮ. ನಾನೂ ಓದುವಾಗ ಅದನ್ನೇ ಮಾಡಿದ್ದೆ, ಬರೀ ಲೈಟಿಂಗ್. ಹದಿಮೂರು ದೃಶ್ಯ. ದೆಹಲಿ, ದಾರಿ, ದೌಲತಾಬಾದು ಅಂತ ಜಾಗ ಬದಲಾಗುತ್ತಲೇ ಇರುತ್ತದೆ. ನಮ್ಮಲ್ಲಿ ಪ್ರತಿ ದೃಶ್ಯ ಆದ ಮೇಲೂ ಕತ್ತಲಲ್ಲಿ ಎರಡು ನಿಮಿಷ ಬೆಂಚು ಎಳೆಯೋ ಸದ್ದು. ಜನಕ್ಕೆ ಸುಲ್ತಾನನ ಮಾತಿಗಿಂತ ಆ ಸದ್ದೇ ಜಾಸ್ತಿ ನೆನಪಿದೆ. 1964ರಲ್ಲಿ ಬಂದ ನಾಟಕ ಇವತ್ತಿಗೂ ಚುರುಕಾಗಿದೆ, ಅದು ಬೇರೆ ಮಾತು. ಆದರೆ ಅದು ಮೊದಲನೇ ನಾಟಕ ಅಲ್ಲ.

ಇನ್ನು ತಾರೀಕು. ಹಾಸನಾಂಬೆ ಬಾಗಿಲು ತೆಗೆದಿರುವಾಗ ಊರಲ್ಲಿ ಏನೂ ಇಟ್ಟುಕೊಳ್ಳಬೇಡಿ. ದೀಪಾವಳಿ ಕಳೆಯೋವರೆಗೆ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ. ಆಮೇಲೆ ಕಾಫಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು. ತೋಟದ ಮನೆಯ ಹುಡುಗರು ಭಾನುವಾರದ ತಾಲೀಮಿಗೆ ಬರ್ತೀನಿ ಅಂತಾರೆ, ಬರಲ್ಲ. ಅವರದ್ದು ತಪ್ಪೂ ಅಲ್ಲ. ಆ ಐದು ಜನಕ್ಕೆ ದೊಡ್ಡ ಪಾತ್ರ ಕೊಡಬೇಡಿ ಅಷ್ಟೇ.

ಮೇಡಂ, ನಿವೃತ್ತ:
ಮಗಳೇ, ಅನುಮತಿಯ ವಿಷಯ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಬರೆದವರು ತೀರಿಕೊಂಡ ಮೇಲೆ ಅರವತ್ತು ವರ್ಷ ಕೃತಿಯ ಹಕ್ಕು ಇರುತ್ತದೆ. ಕೈಲಾಸಂ ಹೋಗಿದ್ದು 1946ರಲ್ಲಿ, ಹಾಗಾಗಿ 'ಟೊಳ್ಳುಗಟ್ಟಿ'ಗೆ ಯಾರನ್ನೂ ಕೇಳಬೇಕಾಗಿಲ್ಲ. ಕುವೆಂಪು 1994, ಕಾರ್ನಾಡ್ 2019. ಇವರಿಬ್ಬರ ನಾಟಕಕ್ಕೆ ಹಕ್ಕು ಇದ್ದೇ ಇದೆ. ಕಾಲೇಜಿನೊಳಗೆ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಅಪ್ಪ ಅಮ್ಮಂದಿರ ಮುಂದೆ ಮಾತ್ರ ಆಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಮಾಡಿ ಕಲಾಕ್ಷೇತ್ರದಲ್ಲಿ ಊರಿನವರಿಗೆ ತೋರಿಸುವುದಾದರೆ ಪತ್ರ ಬರೆದು ಕೇಳಿ. ದೃಶ್ಯ ಕತ್ತರಿಸುವ ಯೋಚನೆ ಇದ್ದರೆ ಅದನ್ನೂ ಪತ್ರದಲ್ಲೇ ಬರೆಯಿರಿ.

'ಜಲಗಾರ'ದಿಂದ ಶುರು ಮಾಡಿ. ಪುಟ್ಟ ನಾಟಕ. ಬೀದಿ ಗುಡಿಸುವವನ ಹತ್ತಿರಕ್ಕೆ ಶಿವ ತಾನೇ ನಡೆದು ಬರುತ್ತಾನೆ. ಕಾಲೇಜಿನ ಅಂಗಳದಲ್ಲೇ ಬೆಳಗಿನ ಹೊತ್ತು ಆಡಬಹುದು, ಲೈಟಿನ ಬಾಡಿಗೆ ಉಳಿಯಿತು. ಜಲಗಾರನ ಪಾತ್ರ ಹುಡುಗಿಯೇ ಮಾಡಲಿ, ಯಾಕಾಗಬಾರದು? ಒಂದೇ ಎಚ್ಚರ. ಮಾತು ಪದ್ಯದ ಲಯದಲ್ಲಿದೆ, ಪಾಠ ಒಪ್ಪಿಸಿದ ಹಾಗೆ ಆಗಬಾರದು. ಹದಿನೈದು ದಿನ ಬರೀ ಕೂತು ಓದಿ, ಆಮೇಲೆ ಎದ್ದು ನಿಲ್ಲಿ.

ಚನ್ನರಾಯಪಟ್ಟಣ ಕಡೆಯವನು:
ಎಲ್ಲರೂ ಪುಸ್ತಕದ ನಾಟಕವನ್ನೇ ಹೇಳ್ತಿದ್ದೀರಲ್ಲ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡೋದು ನೋಡಿಲ್ವಾ? ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಕೂರಿಸಿಕೊಂಡು ಕಲಿಸ್ತಾರೆ. ಸೀನರಿ ಬಾಡಿಗೆಗೆ ಬರುತ್ತೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ಗದ್ದೆ ಕೆಲಸ ಮುಗಿಸಿ ಬಂದು ನಮ್ಮಪ್ಪ ದುರ್ಯೋಧನ ಆಗ್ತಿದ್ದರು. ಒಂದೇ ರಾತ್ರಿಗೆ ಇಬ್ಬರು ಮೂವರು ಕೃಷ್ಣರು, ಯಾಕಂದ್ರೆ ಆ ಪಾರ್ಟು ಎಲ್ಲರಿಗೂ ಬೇಕು.

ನಮ್ಮೂರಲ್ಲಿ ದ್ರೌಪದಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನ ಕರೆಸ್ತಿದ್ದರು. ಊರಿನ ಹೆಣ್ಣುಮಕ್ಕಳು ಚಾಪೆ ಮೇಲೆ ಕೂತು ಬೆಳಗಿನವರೆಗೆ ನೋಡ್ತಿದ್ದರು. ನಮ್ಮಕ್ಕನಿಗೆ ದುರ್ಯೋಧನನ ಕಂದಪದ್ಯ ಅಪ್ಪನಿಗಿಂತ ಚೆನ್ನಾಗಿ ಬಾಯಿಪಾಠ ಆಗಿತ್ತು, ಒಂದು ದಿನವೂ ಸ್ಟೇಜ್ ಹತ್ತಲಿಲ್ಲ. ನಿಮ್ಮಲ್ಲಿ 14 ಜನ ಹುಡುಗಿಯರಿದ್ದಾರೆ. ನಾಲ್ಕನೇ ನಾಟಕ ಅದೇ ಮಾಡಿ. ಅವರವರ ಅಪ್ಪ, ಮಾವ, ತಾತ ಮಾಡಿದ ಪಾರ್ಟು ಅವರೇ ಮಾಡಲಿ. ರಾತ್ರಿಯಿಡೀ ಬೇಡ, ಸಂಧಾನ ಮತ್ತು ಗದಾಯುದ್ಧ ಸಾಕು, ಒಂದೂವರೆ ಗಂಟೆ.

ಲೈಟು ಹಿಡಿದವನು:
ಐಡಿಯಾ ಚೆನ್ನಾಗಿದೆ, ಆದರೆ ಕಾಲೇಜಲ್ಲಿ ಅದು ತಮಾಷೆ ಆಗಿಬಿಡುತ್ತೆ. ಕಿರೀಟ, ಮೀಸೆ ನೋಡಿದ ಕೂಡಲೇ ಹುಡುಗರು ಸಿಳ್ಳೆ ಹೊಡೀತಾರೆ.

ಚನ್ನರಾಯಪಟ್ಟಣ ಕಡೆಯವನು:
ಹಳ್ಳಿಯಲ್ಲೂ ಹೊಡೀತಾರೆ ಕಣಣ್ಣ. ಹಾಡು ಸರಿಯಾಗಿ ಎತ್ತಿದರೆ ಅದೇ ಸಿಳ್ಳೆ ಒನ್ಸ್ ಮೋರ್ ಆಗುತ್ತೆ.

ಮೇಡಂ, ನಿವೃತ್ತ:
ಇದು ನನಗೂ ಹಿಡಿಸಿತು. ಹಳ್ಳಿಯ ಪುಸ್ತಕಕ್ಕೂ ಬರೆದವರು ಇರುತ್ತಾರೆ, ಮೊದಲ ಪುಟದ ಹೆಸರು ನೋಡಿಕೊಳ್ಳಿ. ಇಲ್ಲವಾದರೆ ಕಥೆ ಮಾತ್ರ ಇಟ್ಟುಕೊಂಡು ಮಾತು ನೀವೇ ಬರೆಯಿರಿ. ಮೀಸೆ ಬೇಡ ಅಂತ ನನ್ನ ಅಭಿಪ್ರಾಯ. ಚೂಡಿದಾರದ ಮೇಲೆ ಭುಜಕೀರ್ತಿ ಕಟ್ಟಿದರೂ ದುರ್ಯೋಧನ ದುರ್ಯೋಧನನೇ.

ಹೇಮಾವತಿ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕೂತು ಮಾತಾಡಿದೆವು. ನವೆಂಬರ್ ಕೊನೆಗೆ ಅಂಗಳದಲ್ಲಿ 'ಜಲಗಾರ'. ಪರೀಕ್ಷೆ ಆದ ಮೇಲೆ 'ಟೊಳ್ಳುಗಟ್ಟಿ'. ಮಾರ್ಚ್ 27 ವಿಶ್ವ ರಂಗಭೂಮಿ ದಿನ, ಅವತ್ತಿಗೆ ಹುಡುಗಿಯರ 'ಕುರುಕ್ಷೇತ್ರ'. 'ತುಘಲಕ್' ಈ ವರ್ಷ ಆಡಲ್ಲ, ಫೆಬ್ರವರಿಯಲ್ಲಿ ಲೈಬ್ರರಿಯಲ್ಲಿ ಕೂತು ಪೂರ್ತಿ ಓದುತ್ತೇವೆ. ಅದನ್ನೇ ನಾಲ್ಕನೆಯದು ಅಂತ ಲೆಕ್ಕಕ್ಕೆ ಹಿಡಿಯಿರಿ ಅಂತ ಕಾಲೇಜಿನವರನ್ನು ಕೇಳಬೇಕು, ಒಪ್ಪುತ್ತಾರೋ ಇಲ್ಲವೋ.

ಇನ್ನೊಂದು. ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ ಅರ್ಜುನ ಮಾಡಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ! ಅವರಿಗೆ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಇನ್ನೂ ಇದ್ದಾರೆ, ಭಾನುವಾರ ಬಂದು ನೋಡ್ತೀನಿ ಅಂದಿದ್ದಾರಂತೆ. ಹುಡುಗಿಯರಾದರೆ ಏನಂತೆ, ಶ್ರುತಿ ಹಿಡಿಯದವರಿಗೆ ಮಾತ್ರ ಪಾರ್ಟು ಕೊಡಲ್ಲ ಅಂತ ಈಗಲೇ ಹೇಳಿ ಕಳಿಸಿದ್ದಾರೆ.