ಅಪ್‌ಡೇಟ್: ಭಾಸ್ಕರಾಚಾರ್ಯರ ಹುಟ್ಟಿದ ವರ್ಷದ ಲೆಕ್ಕ ಸಿಕ್ಕಿತು

ಫೆಬ್ರವರಿಯಲ್ಲಿ ಕೇಳಿದ್ದೆ, ನೆನಪಿದೆಯಾ? ಭಾಸ್ಕರಾಚಾರ್ಯರ ಖಗೋಳ ಗ್ರಂಥ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯವನ್ನು ಟಿಪ್ಪಣಿ ಸಮೇತ ಕನ್ನಡಕ್ಕೆ ತರುತ್ತಿದ್ದೇನೆ, ಅದರಲ್ಲಿ ಅವರು ತಾವು ಹುಟ್ಟಿದ್ದು 'ರಸಗುಣಪೂರ್ಣಮಹೀ' ಶಕವರ್ಷ ಅನ್ನುತ್ತಾರೆ, ಲೆಕ್ಕ ಹಾಕಿದರೆ 6301 ಬರುತ್ತಿದೆ, ತಪ್ಪೆಲ್ಲಿ ಅಂತ.

ತಪ್ಪು ನನ್ನದೇ. ಶ್ಲೋಕದಲ್ಲಿ ಒಂದೊಂದು ಪದ ಒಂದೊಂದು ಅಂಕಿಯನ್ನು ಸೂಚಿಸುತ್ತದೆ, ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಬೇಕಂತೆ. ರಸ 6, ಗುಣ 3, ಪೂರ್ಣ 0, ಮಹೀ 1. ತಿರುಗಿಸಿದರೆ ಶಕ 1036, ಅಂದರೆ ಕ್ರಿ.ಶ. 1114. ಮುಂದಿನ ಸಾಲಿನ 'ರಸಗುಣ' 36. ಆ ವಯಸ್ಸಿಗೇ ಗ್ರಂಥ ಮುಗಿಸಿದರು, 1150ರಲ್ಲಿ. ನನಗೆ 61, ಇನ್ನೂ ಅನುವಾದವೇ ಮುಗಿದಿಲ್ಲ!

ಅನುವಾದದಲ್ಲಿ ಪದಗಳನ್ನು ಹಾಗೇ ಇಟ್ಟು, ಅಂಕಿಯನ್ನು ಅಡಿಟಿಪ್ಪಣಿಗೆ ಹಾಕಿದೆ. ನೀವು ಹೇಳಿದ್ದೇ ಸರಿ. ಬರೀ ಅಂಕಿ ಬರೆದರೆ ಶ್ಲೋಕದ ಮಜಾ ಹೋಗುತ್ತದೆ.

ಇನ್ನೊಬ್ಬರು 'ಕೋಲಿನ ನೆರಳಿನ ಲೆಕ್ಕದ ಭಾಗ ಕೂತು ಬರೆಯಬೇಡಿ, ಅಳೆದು ನೋಡಿ' ಅಂದಿದ್ದಿರಿ. ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಇರುವ ಮಾರ್ಚ್ 21ಕ್ಕೆ ವಿಜಯಪುರದ ನಮ್ಮ ಮನೆ ಮಾಳಿಗೆ ಮೇಲೆ 12 ಇಂಚಿನ ಕೋಲು ನಿಲ್ಲಿಸಿದೆ. ಗಡಿಯಾರದ 12ಕ್ಕೆ ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಅತಿ ಗಿಡ್ಡ ಆಗಿದ್ದು 12.35ರ ಸುಮಾರಿಗೆ, ಮೂರೂವರೆ ಇಂಚಿಗೆ ತುಸು ಜಾಸ್ತಿ. ಆ ದಿನ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಊರಿನ ಅಕ್ಷಾಂಶದಷ್ಟೇ ವಾಲಿರುತ್ತಾನೆ; ನಮ್ಮೂರಿನ ಅಕ್ಷಾಂಶ ಸುಮಾರು 16.8 ಡಿಗ್ರಿ, ಲೆಕ್ಕಕ್ಕೆ ನೆರಳು 3.6 ಇಂಚು ಬರಬೇಕು. ತಲೆ ಸುಟ್ಟರೂ ಖುಷಿಯಾಯಿತು. ಕೆಳಗಿನಿಂದ ಮನೆಯವರು, 'ಹಪ್ಪಳ ಒಣಗಿಸೋ ಜಾಗದಾಗ ಏನ್ರೀ ಇದು?' ಅಂದರು.

ಗ್ರಂಥದಲ್ಲಿ ಬರುವ ಭಾಸ್ಕರಾಚಾರ್ಯರ ಊರು 'ವಿಜ್ಜಡವಿಡ' ನಮ್ಮ ವಿಜಯಪುರವೇ ಅಂತ ಬರೆಯಲು ಕೈ ತುರಿಸಿತು. ಆದರೆ ಅದು ಮಹಾರಾಷ್ಟ್ರದಲ್ಲಿದೆ ಅನ್ನುವವರೂ ಇದ್ದಾರೆ. ಎರಡನ್ನೂ ಟಿಪ್ಪಣಿಯಲ್ಲಿ ಹಾಕಿ ಸುಮ್ನಾದೆ.

ಈಗ ಗ್ರಹಣದ ಅಧ್ಯಾಯ ಶುರು ಮಾಡಿದ್ದೇನೆ.